ಏಳನೇ ನಂಬರಿನ ತಂಪು

ಊರಿನ ಬೆಲೆಯನ್ನು ಅದರ ತಂಪಿನಿಂದ ಅಳೆದರೆ ಹೇಗೆ ಎಂದು ಯಾರೋ ಬುದ್ಧಿವಂತರು ಒಂದು ಸಭೆಯಲ್ಲಿ ಕೇಳಿದರಂತೆ. ಉಳಿದವರು ತಲೆಯಾಡಿಸಿದರಂತೆ. ಆಗ ನಾನಿನ್ನೂ ಹುಟ್ಟಿರಲಿಲ್ಲ. ಹುಟ್ಟಿದ್ದರೆ ಅಲ್ಲೇ ಎದ್ದು ಜಗಳ ತೆಗೆಯುತ್ತಿದ್ದೆ ಎಂದು ಹೇಳಿಕೊಳ್ಳಲು ನನಗೆ ಇಷ್ಟ. ಆದರೆ ನಿಜ ಸಂಗತಿ ಏನೆಂದರೆ, ನಾನು ದೊಡ್ಡವಳಾಗಿ, ಆ ಸಭೆಯಿಂದ ಹುಟ್ಟಿದ ತೆರಿಗೆ ಮಂಡಳಿಯಲ್ಲೇ ಕೆಲಸಕ್ಕೆ ಸೇರಿದೆ, ಹನ್ನೊಂದು ವರ್ಷ ಅದರ ಸಂಬಳ ಉಂಡೆ.

ಬಿಸಿಲು ವರ್ಷ ವರ್ಷಕ್ಕೂ ಏರುತ್ತಿದ್ದ ಕಾಲ. ಮನೆ ಕೊಳ್ಳಲು ಬಂದವರು ರಸ್ತೆ ಎಷ್ಟು ಅಗಲ, ಶಾಲೆ ಎಷ್ಟು ದೂರ ಎಂದು ಕೇಳುವುದನ್ನು ಬಿಟ್ಟು, ಬೆಳಗಿನ ಜಾವ ಎಷ್ಟು ಡಿಗ್ರಿ ಇರುತ್ತದೆ ಎಂದು ಕೇಳುತ್ತಿದ್ದರು. ಚಿಕ್ಕಮಗಳೂರಿನಲ್ಲಿ ಒಂದು ಕೋಣೆಗೆ ಕೊಡುವ ದುಡ್ಡಿಗೆ ವಿಜಯಪುರದಲ್ಲಿ ಅರ್ಧ ಓಣಿ ಬರುತ್ತಿತ್ತು. ಆಸ್ತಿ ತೆರಿಗೆಯೂ ಅದರ ಬೆನ್ನು ಹಿಡಿದೇ ಏರಿತು. ಮಂಡಳಿಯವರು ನಾಡನ್ನು ತಂಪಿನಿಂದ ಬಿಸಿಗೆ ಒಂಬತ್ತು ವಲಯ ಮಾಡಿದರು. ಮೂರು ಕಂತು ತೆರಿಗೆ ಕಟ್ಟದವರ ಮನೆಯನ್ನು ಮಂಡಳಿ ತೆಗೆದುಕೊಂಡು, ಅವರಿಗೆ ಕೆಳಗಿನ ವಲಯದಲ್ಲಿ ಒಂದು ಮನೆ ಕೊಡುತ್ತಿತ್ತು. ನನ್ನ ಅಪ್ಪ ಅಮ್ಮ ಹಾಗೆ ಎರಡನೇ ವಲಯದಿಂದ ಇಳಿಯುತ್ತ ಇಳಿಯುತ್ತ ಎಂಟನೆಯದಕ್ಕೆ ಬಂದವರು. ವಿಜಯಪುರ ಎಂಟನೆಯದು. ಒಂಬತ್ತನೆಯದು ಬಯಲು, ತಗಡಿನ ಮನೆಗಳ ಸಾಲು. ಅದರ ಕೆಳಗೆ ಇನ್ನು ಇಳಿಯಲು ಜಾಗವಿರಲಿಲ್ಲ.

ಅಳೆಯುವ ಕೆಲಸ ಕಂಬಗಳದ್ದು. ಪ್ರತಿ ಬೀದಿಗೂ ಎರಡೋ ಮೂರೋ ಕಂಬ, ಆಳೆತ್ತರದಲ್ಲಿ ಒಂದು ಬಿಳಿ ಡಬ್ಬಿ. ಜನ ಅದಕ್ಕೆ ತಂಪುಗಂಬ ಎಂದು ಹೆಸರಿಟ್ಟಿದ್ದರು. ಡಬ್ಬಿ ನಿಮಿಷಕ್ಕೊಮ್ಮೆ ಗಾಳಿಯ ಶಾಖವನ್ನು ನಮ್ಮ ನಿಯಂತ್ರಣ ಕೊಠಡಿಗೆ ಕಳಿಸುತ್ತಿತ್ತು. ಅಳತೆಯ ಇಡೀ ಅವಧಿಯಲ್ಲಿ ಅತಿ ತಂಪಾದ ಒಂದು ಗಂಟೆ ಯಾವುದೋ, ತೆರಿಗೆ ಅದರ ಮೇಲೆ. ನಾವು ಕೂರುವ ಕೊಠಡಿಯನ್ನು ಯಂತ್ರಗಳ ಸಲುವಾಗಿ ಹತ್ತೊಂಬತ್ತು ಡಿಗ್ರಿಯಲ್ಲಿ ಇಟ್ಟಿದ್ದರು. ಊರೆಲ್ಲ ಬೇಯುವಾಗ ನಾವು ಸ್ವೆಟರ್ ಹಾಕಿಕೊಂಡು ಊರಿನ ತಂಪನ್ನು ಲೆಕ್ಕ ಹಾಕುತ್ತಿದ್ದೆವು. ಇದರಲ್ಲಿ ನಗುವಂಥದ್ದು ಇದೆ ಎಂದು ನನಗೆ ಹೊಳೆಯಲು ನಾಲ್ಕು ವರ್ಷ ಬೇಕಾಯಿತು.

ನಾನು ಬಾಡಿಗೆಗೆ ಇದ್ದದ್ದು ನೀಲಗಾರ ಓಣಿಯ ಏಳನೇ ನಂಬರಿನ ಮನೆಯ ಮಹಡಿಯಲ್ಲಿ. ಮನೆಯೊಡತಿ ಗುರುಸಿದ್ದವ್ವ, ಗಂಡ ಹೋದ ಮೇಲೆ ಜೋಳದ ರೊಟ್ಟಿ ಬಡಿದು ಮಾರಿಯೇ ಮಗಳ ಮದುವೆ ಮಾಡಿದ ಹೆಂಗಸು. ನಾನು ಯಾವುದೋ ಕಂಪ್ಯೂಟರ್ ಕೆಲಸದವಳು ಎಂದಷ್ಟೇ ಓಣಿಗೆ ಗೊತ್ತಿತ್ತು. ಮಂಡಳಿ ಎಂದರೆ ನನಗೆ ಊಟ ಹಾಕುವವರು ಯಾರು?

ಆ ಓಣಿಯಲ್ಲಿ ಮೂವತ್ತೊಂದು ಮನೆ. ಎರಡೂ ಕಡೆ ಎತ್ತರದ ಕಲ್ಲಿನ ಗೋಡೆ, ನಡುವೆ ಹಾಸುಗಲ್ಲು, ಕಲ್ಲಿನ ಸಂದಿಗೆ ಉಸುಕು. ಮನೆಗಳ ಹಿಂದಿನ ಹಳೇ ಬಾವಿಯಲ್ಲಿ ನೀರು ಬತ್ತಿದ್ದೇ ಇಲ್ಲ. ನಸುಕಿನಲ್ಲಿ, ಸಂಜೆ ನಾಲ್ಕಕ್ಕೆ, ಮತ್ತೆ ದೀಪ ಹಚ್ಚುವ ಹೊತ್ತಿಗೆ, ಪ್ರತಿ ಮನೆಯವರೂ ಬಾಗಿಲ ಮುಂದೆ ಕೊಡ ನೀರು ಚಿಮುಕಿಸುತ್ತಿದ್ದರು. ಥಳಿ ಹೊಡೆಯುವುದು ಎನ್ನುತ್ತಾರೆ. ನೀರು ಆರುವಾಗ ಶಾಖವನ್ನು ಹೀರಿಕೊಂಡು ಆರುತ್ತದೆ, ಎತ್ತರದ ಗೋಡೆಗಳ ನಡುವೆ ಆ ತಂಪು ಹೊತ್ತು ನಿಲ್ಲುತ್ತದೆ. ಇದು ಶಾಲೆಯ ವಿಜ್ಞಾನ. ಆದರೆ ಹಿಂದಿನ ಚಳಿಗಾಲದಲ್ಲಿ ಅಲ್ಲಿ ಮೂರು ಕಂಬ ನೆಟ್ಟಾಗ ಮಂಡಳಿಗೆ ಕಂಡದ್ದು ಒಂದೇ: ಪಕ್ಕದ ಬೀದಿಗಿಂತ ಈ ಓಣಿ ಐದು ಡಿಗ್ರಿ ತಂಪು. ನೆಲದಡಿ ಹಳೇ ಕಾಲದ ನೀರಿನ ಸುರಂಗ ಇರಬೇಕು, ಇದು ಬೆಲೆಬಾಳುವ ಜಾಗ ಎಂದು ನಮ್ಮ ಮುಖ್ಯಸ್ಥರಾದ ಹೂಗಾರ ಸಾಹೇಬರು ಬರೆದರು. ತೆರಿಗೆ ನಾಲ್ಕು ಪಟ್ಟಾಯಿತು.

ಎರಡು ಕಂತು ಯಾರಿಗೂ ಕಟ್ಟಲಾಗಲಿಲ್ಲ. ಮೂರನೆಯದು ಜೂನ್ ಒಂದಕ್ಕೆ.

ಆಗ ನಾನು ಬಾಯಿಬಿಟ್ಟೆ. ಮಂಡಳಿಯವಳು ನಾನೇ ಎಂದೆ. ಓಣಿಯ ಕಟ್ಟೆಯ ಮೇಲೆ ಕೂತಿದ್ದವರೆಲ್ಲ ನನ್ನ ಕಡೆ ತಿರುಗಿದರು. ಗುರುಸಿದ್ದವ್ವ ನನ್ನ ಮುಖವನ್ನೇ ನೋಡಿ, ಹೊಟ್ಟಿ ಪಾಡು, ಯಾರಾರ ಏನಾರ ಮಾಡಬೇಕಾಗತೈತಿ ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ದಾರಿ ಒಂದಿತ್ತು. ಮರು ಅಳತೆಗೆ ಅರ್ಜಿ ಹಾಕಬಹುದು. ಏಳು ದಿನ ಅಳೆಯುತ್ತಾರೆ. ಆ ಏಳು ದಿನ ಓಣಿಯಲ್ಲಿ ಹನಿ ನೀರೂ ಬೀಳದಿದ್ದರೆ ಕಂಬಗಳು ನಿಜವಾದ ಬಿಸಿಯನ್ನೇ ತೋರಿಸುತ್ತವೆ, ತೆರಿಗೆ ಹಳೆಯ ಮಟ್ಟಕ್ಕೆ ಬರುತ್ತದೆ. ಒಂದು ಗಂಟೆ ತಂಪಾದರೂ ಕೆಟ್ಟಿತು. ನಾನು ಇದನ್ನು ಮೂರು ಸಲ ಹೇಳಿದೆ. ಮೂವತ್ತೊಂದು ಮನೆಯವರೂ ಅವರವರ ದೇವರ ಮೇಲೆ ಆಣೆ ಮಾಡಿದರು. ಮೊದಲು ಆಣೆ ಮಾಡಿ ಉಳಿದವರ ಬಾಯಲ್ಲೂ ಹೇಳಿಸಿದವನು ಓಣಿಯ ಕೊನೆಯ ಮನೆಯ ಟೇಲರ್ ಈರಣ್ಣ. ನನ್ನ ಬಾಗಿಲ ಮುಂದ ನಾ ನೀರ ಹಾಕಾಂಗಿಲ್ಲ, ಅನ್ರಿ ಎಂದ. ಎಲ್ಲರೂ ಅಂದರು. ಈ ಮಾತಿನಲ್ಲಿದ್ದ ಕಿಂಡಿ ನನಗೂ ಕಾಣಲಿಲ್ಲ.

ಗುರುಸಿದ್ದವ್ವನ ಮಗಳು ಕಸ್ತೂರಿ ಬಾಣಂತನಕ್ಕೆ ಬಂದಿದ್ದಳು. ಅಳತೆ ಶುರುವಾದ ದಿನ ಕೂಸಿಗೆ ಎಂಟು ದಿನ. ಹದಿಮೂರನೇ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವುದೆಂದು ಗೊತ್ತಾಗಿತ್ತು. ಲೆಕ್ಕ ಹಾಕಿದರೆ ಅದು ಅಳತೆಯ ಆರನೇ ದಿನ.

ಮೊದಲ ಎರಡು ದಿನ ಓಣಿಯವರು ತಮಾಷೆ ಮಾಡಿಕೊಂಡೇ ಬೆವರಿದರು. ಮೂರನೇ ದಿನ ಹಾಸುಗಲ್ಲಿನ ಮೇಲೆ ಬರಿಗಾಲಿಡಲು ಆಗಲಿಲ್ಲ. ನಿಯಂತ್ರಣ ಕೊಠಡಿಯಲ್ಲಿ ನನ್ನ ಪರದೆಯ ಮೇಲೆ ಮೂರು ಗೆರೆಗಳು ಒಂದರ ಪಕ್ಕ ಒಂದು ಮೂವತ್ನಾಲ್ಕರ ಮೇಲೆ ನಿಂತಿದ್ದವು. ಅವು ಅಷ್ಟು ಎತ್ತರದಲ್ಲಿರುವುದನ್ನು ಕಂಡು ನನಗೆ ಖುಷಿಯಾಗುತ್ತಿತ್ತು. ಮನೆಗೆ ಬಂದರೆ ಅದೇ ಗೆರೆಯೊಳಗೆ ಕೂಸು ಮಲಗಿರುತ್ತಿತ್ತು.

ನಾಲ್ಕನೇ ದಿನ ಅದು ಮೊಲೆ ಹಿಡಿಯಲಿಲ್ಲ. ಕಸ್ತೂರಿ ಅತ್ತಳು. ಗುರುಸಿದ್ದವ್ವ ಒಳಗೆ ಒದ್ದೆ ಬಟ್ಟೆ ಕಟ್ಟಿದಳು, ಬೀಸಣಿಗೆ ಹಿಡಿದು ಕೂತಳು, ರೊಟ್ಟಿ ಒಲೆ ಹಚ್ಚುವುದನ್ನು ನಿಲ್ಲಿಸಿದಳು. ಐದನೇ ದಿನ ಜ್ವರ ಬಂತು. ಡಾಕ್ಟರ್ ಬಾಯಿ ಬಂದು ನೋಡಿ, ಔಷಧಕ್ಕಿಂತ ಇದಕ್ಕೆ ತಂಪು ಬೇಕು, ಮೊದಲಿನಂತೆ ಬಾಗಿಲಿಗೆ ನೀರು ಹಾಕಿರಿ ಎಂದು ಹೇಳಿ ಹೋದರು. ನಾನು ಗುರುಸಿದ್ದವ್ವನ ಪಕ್ಕ ಕೂತು, ಹಾಕಿಬಿಡಿ, ಏನಾದರೂ ಮಾಡೋಣ ಎಂದೆ. ನನ್ನ ದನಿಯಲ್ಲಿ ಧೈರ್ಯವಿರಲಿಲ್ಲ. ಗುರುಸಿದ್ದವ್ವ ತಲೆ ಅಲ್ಲಾಡಿಸಿದಳು.

"ನಂದೊಂದು ಕೂಸಿನ ಸಲುವಾಗಿ ಮೂವತ್ತ ಮನಿ ಬಯಲಿಗೆ ಬಿದ್ರ, ಆ ಕೂಸು ಬದುಕಿ ಯಾರ ಮುಂದ ಅಡ್ಡಾಡಬೇಕ್ರಿ?"

ಅಂದು ಸಂಜೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂಸನ್ನು ನೋಡಿ ಹೋದರು.

ಆರನೇ ದಿನ ನನಗೆ ಬೆಳಗಿನ ಪಾಳಿ. ಐದು ಗಂಟೆ ಹತ್ತು ನಿಮಿಷಕ್ಕೆ ಮೊದಲನೇ ಕಂಬದ ಗೆರೆ ಅಲುಗಿತು. ಆ ಕಂಬ ಇರುವುದು ಏಳನೇ ನಂಬರಿನ ಬಾಗಿಲಿಗೆ ನೇರ ಎದುರು. ಮೂವತ್ನಾಲ್ಕು, ಮೂವತ್ಮೂರು. ಯಂತ್ರ ಕೆಟ್ಟಿರಲಿ ದೇವರೇ ಎಂದುಕೊಂಡೆ. ಮೂವತ್ತೊಂದು. ಐದೂವರೆಗೆ ಇಪ್ಪತ್ತೆಂಟು. ಇಡೀ ಒಂದು ಗಂಟೆ ಅದು ಮೇಲೇಳಲಿಲ್ಲ. ಉಳಿದೆರಡು ಕಂಬಗಳ ಗೆರೆ ಮಾತ್ರ ಮೊದಲಿನಂತೆ ಮೇಲೇ ಇತ್ತು.

ಏನಾಯಿತೆಂಬುದು ಆಮೇಲೆ ತಿಳಿಯಿತು. ತೊಟ್ಟಿಲ ದಿನ ಬಾಣಂತಿಯ ಹೊಸ್ತಿಲು ಒಣಗಿರಬಾರದು, ಕೂಸು ಬೇರೆ ಬೇಯುತ್ತಿದೆ. ನನ್ನ ಬಾಗಿಲಿಗೆ ಹಾಕುವುದಿಲ್ಲ ಎಂದು ಆಣೆ ಮಾಡಿದ್ದೇನೆ, ಅವಳ ಬಾಗಿಲಿಗೆ ಅಲ್ಲವಲ್ಲ, ಒಂದು ಕೊಡದಿಂದ ಕಂಬಕ್ಕೆ ಏನು ಗೊತ್ತಾಗುತ್ತದೆ ಎಂದು ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ತಾವು ಯೋಚಿಸಿದ್ದರು. ಯಾರೂ ಯಾರಿಗೂ ಹೇಳಿರಲಿಲ್ಲ. ನಸುಕಿನಲ್ಲಿ ಒಬ್ಬರು ಬಂದು ಸುರಿದು ಹೋದರೆ, ಕತ್ತಲಲ್ಲಿ ಕಲ್ಲು ಒದ್ದೆಯಾಗಿರುವುದು ಕಾಣದೆ ಇನ್ನೊಬ್ಬರು ಬಂದು ಸುರಿದರು. ಹೀಗೆ ಮೂವತ್ತು ಮನೆಯ ನೀರು ಒಂದೇ ಬಾಗಿಲಿಗೆ ಬಿತ್ತು. ಗುರುಸಿದ್ದವ್ವ ಎದ್ದು ಬಾಗಿಲು ತೆಗೆದಾಗ ಹೊಸ್ತಿಲ ಮುಂದೆ ಹಳ್ಳ ಹರಿಯುತ್ತಿತ್ತು. ಕೂಸು ಅಂದು ಬೆಳಿಗ್ಗೆ ಹೊಟ್ಟೆ ತುಂಬ ಹಾಲು ಕುಡಿದು ನಿದ್ದೆ ಹೋಯಿತು.

ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಎಂಟಕ್ಕೆ ಹೂಗಾರ ಸಾಹೇಬರು ಬಂದು ನನ್ನ ಹಿಂದೆ ನಿಂತು ಪರದೆ ನೋಡಿದರು. ಕೆಟ್ಟ ಮನುಷ್ಯರಲ್ಲ. ನಿಯಮದ ಪುಸ್ತಕವನ್ನು ದಿನಾ ಪಾರಾಯಣ ಮಾಡುತ್ತಿದ್ದರು ಅಷ್ಟೆ. ಮುಗೀತಲ್ಲ, ಓಣಿ ತಂಪೇ ಐತಿ, ಅರ್ಜಿ ವಜಾ ಎಂದರು.

ಆಗ ನಾನು ಹನ್ನೊಂದು ವರ್ಷದಲ್ಲಿ ಕಲಿತ ಜಾಣತನವನ್ನೆಲ್ಲ ಒಟ್ಟುಮಾಡಿ ಎದ್ದು ನಿಂತೆ. ನೋಡಿ ಸರ್, ನೆಲದಡಿ ಸುರಂಗ ಇದ್ದಿದ್ದರೆ ಮೂರೂ ಕಂಬ ಒಟ್ಟಿಗೆ ಇಳಿಯಬೇಕಿತ್ತು, ಐದು ದಿನವೂ ಇಳಿಯಬೇಕಿತ್ತು. ಇಳಿದದ್ದು ಒಂದೇ ಕಂಬ, ಒಂದೇ ದಿನ. ಅಂದರೆ ಈ ತಂಪು ನೆಲದ್ದಲ್ಲ, ಮನುಷ್ಯರು ನೀರು ಹಾಕಿ ಮಾಡಿದ್ದು. ಮನುಷ್ಯರು ಮಾಡಿದ ತಂಪಿಗೆ ನೆಲದ ಬೆಲೆ ಕಟ್ಟಿದ್ದೇ ತಪ್ಪು. ಹೀಗೆ ಹತ್ತು ನಿಮಿಷ ವಾದಿಸಿದೆ. ಗೆರೆಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದೆ. ಸಾಹೇಬರು ಗಮನವಿಟ್ಟು ಕೇಳಿದರು. ಅವರ ಮುಖ ಅರಳಿತು.

"ನೀವು ಹೇಳೋದು ಖರೇ ಐತಿ," ಎಂದರು. "ಓಣಿ ತಂಪಲ್ಲ. ನಾಳೆ ಒಂದು ದಿನ ಹಿಂಗ ಒಣಾ ಇದ್ರ ಓಣಿಗೆ ಹಳೇ ತೆರಿಗಿನ. ಆದ್ರ ಮನುಷ್ಯಾರು ಮಾಡಿದ ತಂಪಿಗೆ ಹದಿನಾಲ್ಕನೇ ನಿಯಮ ಐತಲ್ಲ. ಅದು ಸುಧಾರಣೆ. ಯಾರ ಬಾಗಿಲಿಗೆ ಸಿಕ್ಕೈತೋ ಅವರದ ಆಸ್ತಿ. ಓಣಿ ಮ್ಯಾಲ ಹಾಕಿದ್ದ ಹೆಚ್ಚಿನ ತೆರಿಗಿ ಎಲ್ಲಾ ಏಳನೇ ನಂಬರಿಗೆ ಬರೀರಿ."

ಮೂವತ್ತೊಂದು ಮನೆಗೆ ಕಟ್ಟಲಾಗದ್ದು ಒಬ್ಬ ರೊಟ್ಟಿ ಮಾರುವವಳ ತಲೆಗೆ. ಅದಕ್ಕೆ ದಾರಿ ಮಾಡಿದ್ದು ನನ್ನದೇ ವಾದ. ಆ ಒಂದು ಗಂಟೆಯನ್ನು ಅಳಿಸಿಬಿಡಲೇ ಎಂದು ಕೈ ಕೀಲಿಮಣೆಯವರೆಗೂ ಹೋಯಿತು. ಅಳಿಸಿದರೂ ಕಂಬದಲ್ಲಿ ಪ್ರತಿ ಇರುತ್ತದೆ, ಎರಡನ್ನೂ ತಾಳೆ ನೋಡುತ್ತಾರೆ, ಅರ್ಜಿಯೇ ಸುಳ್ಳೆಂದು ಇಡೀ ಓಣಿ ಹೋಗುತ್ತದೆ. ಕೈ ಹಿಂದಕ್ಕೆ ತೆಗೆದೆ. ಒಂದೇ ಒಂದು ಕೇಳಿದೆ: ಸುಧಾರಣೆ ಮೂರೂ ಕಂಬಕ್ಕೆ ಸಿಕ್ಕಿದರೆ? ಆಗ ಸುಧಾರಿಸಿದವರೆಲ್ಲ ಪಾಲು ಹಂಚಿಕೊಳ್ಳಬೇಕು, ಸುಧಾರಣೆಗೆ ರಿಯಾಯಿತಿ ಕಳೆದು ಮನೆಗೆ ಹಳೆಯದರ ಎರಡು ಪಟ್ಟು ಬೀಳುತ್ತದೆ, ಆದರೆ ಅಷ್ಟು ದಡ್ಡರು ಯಾರಿದ್ದಾರೆ ಎಂದು ಸಾಹೇಬರು ನಕ್ಕರು.

ಮಧ್ಯಾಹ್ನ ಮನೆಗೆ ಬಂದಾಗ ಕೂಸನ್ನು ತೊಟ್ಟಿಲಿಗೆ ಹಾಕಿ ಆಗಿತ್ತು. ನನ್ನ ತಟ್ಟೆಗೆ ಹೋಳಿಗೆ ಬಿತ್ತು. ಅದನ್ನು ಮುರಿಯಲಾರದೆ ಗುರುಸಿದ್ದವ್ವನನ್ನು ಹಿತ್ತಲಿಗೆ ಕರೆದು ಎಲ್ಲವನ್ನೂ ಹೇಳಿದೆ. ನನ್ನಿಂದಲೇ ಆಯಿತು ಎಂದೂ ಹೇಳಿದೆ. ಅವಳು ಬಾವಿಕಟ್ಟೆಯ ಮೇಲಿದ್ದ ಹಗ್ಗವನ್ನು ಸುತ್ತಿಟ್ಟಳು. ಆಮೇಲೆ ಕೇಳಿದ್ದು, ಬಯಲಿನ ಮನೆಗಳಿಗೆ ಕಿಟಕಿ ಇರತಾವೇನು ಎಂದು. ಒಂದು ಇರುತ್ತದೆ ಎಂದೆ.

"ನಾಳಿ ಒಂದಿನ ದಾಟಿದ್ರ ಅವರೆಲ್ಲಾ ಉಳಿತಾರಲ್ಲ. ಅಷ್ಟ ಸಾಕು," ಎಂದಳು. "ನೀ ಬಾಯಿ ಬಿಟ್ಟಿ ಅಂದ್ರ ನಾ ನಿನ್ನ ಕೂಡ ಮಾತಾಡಾಂಗಿಲ್ಲ, ನೋಡ ಮತ್ತ."

ಅಲ್ಲಿಯವರೆಗೂ ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದವಳು ಅಂದು ಮೊದಲ ಸಲ ನೀನು ಎಂದಳು. ಮಹಡಿ ಹತ್ತಿ ಹೋಗಿ ನಾನು ಅತ್ತೆ.

ಆದರೂ ನಾನು ಬಾಯಿ ಬಿಟ್ಟೆ. ಸಂಜೆ ಓಣಿಯ ಕೊನೆಗೆ ನಡೆದು ಈರಣ್ಣನ ಅಂಗಡಿಯ ಮುಂದೆ ನಿಂತೆ. ಆಣೆ ಮಾಡಿಸಿದವನು, ಗಟ್ಟಿ ಮನುಷ್ಯ, ಇಬ್ಬರು ಮಕ್ಕಳನ್ನು ಓದಿಸುತ್ತಿರುವವನು. ಅವನಿಗೆ ಹೇಳಿದರೆ ಉಳಿದವರಿಗೆ, ಬಾಯಿ ಮುಚ್ಚಿಕೊಂಡು ಮನೆ ಉಳಿಸಿಕೊಳ್ಳಿರಿ ಎನ್ನುತ್ತಾನೇನೋ ಎಂಬ ಭಯವೂ ಇತ್ತು. ಹಾಗೆಂದರೆ ತಪ್ಪೆನ್ನಲು ನಾನು ಯಾರು? ಎರಡು ಪಟ್ಟು ಹೇಗೋ ಕಟ್ಟಬಹುದು, ಆದರೆ ಅವನ ಮಗಳ ಕಾಲೇಜು ನಿಲ್ಲುತ್ತದೆ. ನಾಳೆ ಒಣ ಇದ್ದರೆ ಏನು, ಒದ್ದೆ ಇದ್ದರೆ ಏನು, ಎರಡನ್ನೂ ಮುಚ್ಚುಮರೆಯಿಲ್ಲದೆ ಹೇಳಿದೆ. ಅವನು ಹೊಲಿಗೆ ನಿಲ್ಲಿಸಲಿಲ್ಲ. ಒಂದು ತೋಳು ಪೂರ್ತಿ ಹೊಲಿದು ದಾರ ಕತ್ತರಿಸಿದ.

"ನಾ ಎರಡ ಕೊಡ ಹಾಕಿದ್ದೆ," ಎಂದ ಕೊನೆಗೆ. "ನೀವು ಆಫೀಸಿಗೆ ಹೋಗ್ರಿ ಬಾಯಾರ."

ಅದರ ಅರ್ಥ ನನಗೆ ಆಗಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಏಳನೇ ದಿನ ನಾಲ್ಕೂವರೆಗೆ ಪಾಳಿಗೆ ಹೊರಟವಳು ಬಾವಿಯಿಂದ ಒಂದು ಕೊಡ ಸೇದಿ ಓಣಿಯ ನಡುವೆ ಎರಡನೇ ಕಂಬದ ಬುಡದಲ್ಲಿ ಸುರಿದೆ. ನನಗೆ ಥಳಿ ಹೊಡೆಯಲು ಬರುವುದಿಲ್ಲ, ಅರ್ಧ ನೀರು ನನ್ನ ಕಾಲ ಮೇಲೇ ಬಿತ್ತು. ಎಲ್ಲ ಬಾಗಿಲುಗಳೂ ಮುಚ್ಚಿದ್ದವು. ಹೊರಗೆ ನನ್ನ ಬಿಟ್ಟು ಒಂದು ನರಪಿಳ್ಳೆಯೂ ಇರಲಿಲ್ಲ.

ಐದಕ್ಕೆ ಪರದೆಯ ಮುಂದೆ ಕೂತೆ. ಮೂರೂ ಗೆರೆ ಮೂವತ್ನಾಲ್ಕರ ಮೇಲೆ. ನನ್ನ ಒಂದು ಕೊಡ ಕಂಬಕ್ಕೆ ತಾಗಿರಲೂ ಇಲ್ಲ. ಐದು ಹತ್ತು ಆಯಿತು, ಐದು ಇಪ್ಪತ್ತಾಯಿತು. ಫೈಲು ಮುಗಿಸುವ ಉತ್ಸಾಹದಲ್ಲಿ ಹೂಗಾರ ಸಾಹೇಬರು ಅಂದು ಬೇಗ ಬಂದಿದ್ದರು. ಚಹ ತರಿಸಿದರು. ಏಳನೇ ನಂಬರಿನ ಆದೇಶದ ಕಾಗದ ನನ್ನ ಪಕ್ಕದಲ್ಲೇ ಇಟ್ಟರು. ಜನರನ್ನು ನಾನು ಬೈದುಕೊಂಡೆ. ಮರುಕ್ಷಣವೇ, ಯಾಕೆ ಹಾಕಬೇಕು ಅವರು, ಮಕ್ಕಳಿಲ್ಲವೇ ಅವರಿಗೆ ಎಂದು ಅವರ ಪರವಾಗಿ ನನ್ನನ್ನೇ ಬೈದುಕೊಂಡೆ. ಐದೂವರೆ.

ಐದು ಮೂವತ್ತಾರಕ್ಕೆ ಮೂರನೇ ಕಂಬ ಇಳಿಯಿತು. ಅದು ಈರಣ್ಣನ ಮನೆಯ ಕಡೆಯದು. ಮೂವತ್ಮೂರು, ಮೂವತ್ತೆರಡು. ಸಾಹೇಬರ ಚಹದ ಲೋಟ ಅಲ್ಲೇ ನಿಂತಿತು. ಐದು ನಲವತ್ತಕ್ಕೆ ಎರಡನೆಯದು ಇಳಿಯಿತು. ಮೊದಲನೆಯದು ಮಾತ್ರ ಇಳಿಯಲೇ ಇಲ್ಲ. ಗುರುಸಿದ್ದವ್ವ ಹೊರಗೆ ಬಂದು ಅವರನ್ನೆಲ್ಲ ತಡೆಯುತ್ತಿರಬೇಕು, ಬೈಯುತ್ತಿರಬೇಕು ಎಂದು ನಾನು ಕೂತಲ್ಲೇ ಕಂಡೆ. ಐದು ಐವತ್ತಕ್ಕೆ ಅದೂ ಇಳಿಯಿತು. ಆರು ಗಂಟೆಗೆ ಮೂರು ಗೆರೆಗಳೂ ಇಪ್ಪತ್ತೊಂಬತ್ತರ ಹತ್ತಿರ ಸೇರಿಕೊಂಡು, ಏಳರವರೆಗೂ ಅಲ್ಲೇ ಉಳಿದವು.

"ಇವರಿಗೇನು ಹುಚ್ಚ ಹಿಡದೈತಿ?" ಎಂದರು ಸಾಹೇಬರು. "ಇವತ್ತೊಂದು ದಿನ ಸುಮ್ಮನಿದ್ದಿದ್ರ ಮೂವತ್ತು ಮನಿ ಪಾರಾಗತಿದ್ವು."

ಏಳನೇ ನಂಬರಿನ ಕಾಗದವನ್ನು ಅವರೇ ಎತ್ತಿಕೊಂಡು ಹರಿದರು, ನಿಯಮದ ಪ್ರಕಾರ ಅದಕ್ಕೆ ಬೆಲೆ ಇರಲಿಲ್ಲ. ಹೊಸ ನಮೂನೆ ತೆಗೆದು ನನ್ನ ಮುಂದಿಟ್ಟರು. ಸುಧಾರಣೆ ಮಾಡಿದವರ ಹೆಸರು ಎಂಬ ಅಂಕಣದಲ್ಲಿ ನಾನು ಕೊನೆಯ ಮನೆಯಿಂದ ಶುರು ಮಾಡಿ ಬರೆಯುತ್ತ ಬಂದೆ. ಯಾವ ಕಡತವನ್ನೂ ನೋಡದೆ ಬರೆಯುತ್ತಿರುವುದನ್ನು ಕಂಡು, ಇಷ್ಟೂ ಜನ ನಿಮಗೆ ಹೆಂಗ ಗೊತ್ತು ಎಂದು ಅವರು ಕೇಳಿದರು. ಅರ್ಜಿದಾರರ ಜತೆ ಸಂಬಂಧ ಇಟ್ಟುಕೊಂಡವರಿಗೆ ಮಂಡಳಿಯಲ್ಲಿ ಕೆಲಸ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ಮೂವತ್ತೊಂದು ಹೆಸರು ಮುಗಿದ ಮೇಲೆ ಇನ್ನೊಂದು ಗೆರೆ ಎಳೆದು, ಪ್ರಭಾವತಿ, ಬಾಡಿಗೆದಾರಳು, ಏಳನೇ ನಂಬರು, ಒಂದು ಕೊಡ ಎಂದು ಬರೆದೆ. ಆಮೇಲೆ ಪಾಲನ್ನು ಮೂವತ್ತೆರಡರಿಂದ ಭಾಗಿಸಿದೆ.